ಮೊಹರು ಒಡೆಯದ ನಾಣ್ಯದ ಚೀಲ: ಬೆಲೆ ಲೋಹಕ್ಕೋ, ಮೊಹರಿಗೋ?

ಚಿಲ್ಲರೆ ನಾಣ್ಯ ಹುಟ್ಟುವುದೇ ಓಡಾಡುವುದಕ್ಕೆ. ಟಂಕಸಾಲೆಯಿಂದ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕಿನ ಶಾಖೆಗೆ, ಶಾಖೆಯಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಗಲ್ಲಾಪೆಟ್ಟಿಗೆಯಿಂದ ಗಿರಾಕಿಯ ಕೈಗೆ ಸಾಗಿದಾಗಲೇ ಅದು ತನ್ನ ಕೆಲಸ ಮಾಡಿದಂತೆ. ಹೀಗಿದ್ದರೂ ಹಳೆಯ ವರ್ತಕ ಮನೆತನಗಳ ಕಬ್ಬಿಣದ ಪೆಟ್ಟಿಗೆಗಳಲ್ಲಿ, ಮುಚ್ಚಿದ ಅಂಗಡಿಗಳ ಅಟ್ಟಗಳಲ್ಲಿ, ಬ್ಯಾಂಕಿನಿಂದ ತಂದಂತೆಯೇ ಬಿಚ್ಚದೆ ಇಟ್ಟ ನಾಣ್ಯದ ಚೀಲವೋ ಪೊಟ್ಟಣವೋ ಒಮ್ಮೊಮ್ಮೆ ಉಳಿದಿರುವುದುಂಟು. ಮನೆ ಪಾಲಾಗುವಾಗ ಅಥವಾ ಅಂಗಡಿ ಕೈಬದಲಾಗುವಾಗ ಅದು ಬೆಳಕಿಗೆ ಬರುತ್ತದೆ. ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಇದರ ಬೆಲೆ ಎಷ್ಟು?

ನಾಣ್ಯ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬಿಡಿ ನಾಣ್ಯಕ್ಕಿಂತ ಮೊಹರು ಒಡೆಯದ ಕಟ್ಟಿಗೆ ಹೆಚ್ಚು ಬೆಲೆ ಕೇಳುವ ರೂಢಿಯಿದೆ. ಯಾರ ಕೈಯೂ ತಾಗದ ಹೊಸ ನಾಣ್ಯ ಒಳಗಿದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಆ ನಂಬಿಕೆಯನ್ನು ಪರೀಕ್ಷಿಸಬೇಕಾದರೆ ಕಟ್ಟನ್ನು ಬಿಚ್ಚಬೇಕು. ಬಿಚ್ಚಿದ ಕ್ಷಣವೇ ಅದು ಮೊಹರು ಒಡೆಯದ ಕಟ್ಟಾಗಿ ಉಳಿಯುವುದಿಲ್ಲ. ಕೊಳ್ಳುವವನೂ ಮಾರುವವನೂ ಒಳಗಿನದನ್ನು ನೋಡದೆಯೇ ಒಂದು ಬೆಲೆಗೆ ಒಪ್ಪಬೇಕಾದ ಈ ವಿಚಿತ್ರ ವ್ಯವಹಾರದಲ್ಲಿ ಮೊಹರು ಎಷ್ಟನ್ನು ಸಾಬೀತು ಮಾಡುತ್ತದೆ, ಎಷ್ಟನ್ನು ಮಾಡುವುದಿಲ್ಲ ಎಂಬುದನ್ನು ವರ್ತಕರು ಅರಿತಿರುವುದು ಒಳಿತು.

ರೋಲ್ ಅಲ್ಲ, ಚೀಲ ಮತ್ತು ಪೊಟ್ಟಣ

ಅಮೆರಿಕಾದಲ್ಲಿ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿದ ರೋಲ್‌ಗಳಾಗಿ ಕೊಡುವ ಪದ್ಧತಿ ಬೇರೂರಿದೆ. ಅಲ್ಲಿ ಒಂದು ಸೆಂಟಿನ 50, ಐದು ಸೆಂಟಿನ 40, ಕಾಲು ಡಾಲರಿನ 40 ನಾಣ್ಯಗಳು ಒಂದೊಂದು ರೋಲ್‌ನಲ್ಲಿರುತ್ತವೆ. ನಮ್ಮಲ್ಲಿ ಕಾಗದದ ರೋಲ್‌ಗಿಂತ ಚೀಲ ಮತ್ತು ಪೊಟ್ಟಣಗಳೇ ಹೆಚ್ಚು ರೂಢಿ. ಮುಂಬಯಿ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾ ಟಂಕಸಾಲೆಗಳಿಂದ ಹೊರಡುವ ನಾಣ್ಯ ಚೀಲಗಳಲ್ಲಿ ರಿಸರ್ವ್ ಬ್ಯಾಂಕನ್ನೂ ಕರೆನ್ಸಿ ಚೆಸ್ಟ್ ಹಾಗೂ ಚಿಲ್ಲರೆ ನಾಣ್ಯದ ಡಿಪೋಗಳನ್ನೂ ಸೇರುತ್ತದೆ. ಶಾಖೆಯ ಕೌಂಟರಿನಲ್ಲಿ ಅದು ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಗಿರಾಕಿಗಳಿಂದ ನಾಣ್ಯಗಳನ್ನು ತೂಕದ ಮೇಲೂ ಸ್ವೀಕರಿಸಬಹುದು, ಆದರೆ ನೂರು ನೂರರಂತೆ ಪಾಲಿಥಿನ್ ಪೊಟ್ಟಣಗಳಲ್ಲಿ ಪಡೆಯುವುದು ಇಬ್ಬರಿಗೂ ಅನುಕೂಲ ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಬ್ಯಾಂಕುಗಳಿಗೆ ತಿಳಿಸಿವೆ.

ಈ ಎರಡು ಬಗೆಯ ಕಟ್ಟುಗಳ ನಡುವಿನ ಅಂತರ ಬಹಳ ಮುಖ್ಯ. ಟಂಕಸಾಲೆಯ ಚೀಲ ಒಂದೇ ಟಂಕಸಾಲೆಯ ಹೊಸ ನಾಣ್ಯವನ್ನು ಹೊತ್ತಿರುತ್ತದೆ. ಬ್ಯಾಂಕಿನ ಪೊಟ್ಟಣದಲ್ಲಿ ಹಾಗಿರಬೇಕೆಂಬ ನಿಯಮವಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಂಥ ದೊಡ್ಡ ಕ್ಷೇತ್ರಗಳ ಹುಂಡಿ ಎಣಿಕೆಯನ್ನು ನೆನೆಯಬಹುದು. ಭಕ್ತರ ಕೈಯಿಂದ ಬಂದ ಹಲವು ವರ್ಷಗಳ, ಹಲವು ಟಂಕಸಾಲೆಗಳ ನಾಣ್ಯಗಳನ್ನು ಬಿಡಿಸಿ, ಎಣಿಸಿ, ಬ್ಯಾಂಕಿಗೆ ಜಮಾ ಮಾಡಲಾಗುತ್ತದೆ. ಬ್ಯಾಂಕು ಅದೇ ನಾಣ್ಯವನ್ನು ಮತ್ತೆ ಪೊಟ್ಟಣಗಳಲ್ಲಿ ಕಟ್ಟಿ ವರ್ತಕರಿಗೆ ಕೊಡುತ್ತದೆ. ಆ ಪೊಟ್ಟಣ ಅಪ್ಪಟ ಬ್ಯಾಂಕಿನದೇ, ಅದರ ಮೇಲಿನ ಚೀಟಿಯೂ ಅಪ್ಪಟವೇ. ಆದರೆ ಒಳಗಿರುವುದು ಸಾವಿರ ಕೈ ಸುತ್ತಿದ ನಾಣ್ಯ. ಹೀಗಾಗಿ ಬ್ಯಾಂಕಿನ ಕಟ್ಟು ಹೇಳುವುದು ಇಷ್ಟನ್ನು ಮಾತ್ರ: ಇದರಲ್ಲಿ ಇಂತಿಷ್ಟು ನಾಣ್ಯಗಳಿವೆಯೆಂದು ಎಣಿಸಿದ್ದೇವೆ. ಯಾವ ವರ್ಷದ್ದು, ಯಾವ ಟಂಕಸಾಲೆಯದು, ಹೊಸದೋ ಹಳೆಯದೋ ಎಂಬ ಯಾವ ಭರವಸೆಯನ್ನೂ ಅದು ಕೊಡುವುದಿಲ್ಲ.

ಉಳಿಯುವುದೇಕೆ ಅಪರೂಪ?

ನಂಜನಗೂಡು ಮತ್ತು ತಿ. ನರಸೀಪುರ ಸೀಮೆಯ ದೇವನೂರಿನಂಥ ಊರಿನ ಚಿಲ್ಲರೆ ಅಂಗಡಿಯ ದೃಷ್ಟಿಯಿಂದ ನೋಡಿದರೆ ಬಿಚ್ಚದ ಚೀಲವೆಂಬುದು ದುಡಿಯದ ಬಂಡವಾಳ. ಬೀಡಿ, ಬೆಂಕಿಪೊಟ್ಟಣ, ಉಪ್ಪು, ಎಣ್ಣೆಯ ವ್ಯಾಪಾರದಲ್ಲಿ ದಿನವೂ ಚಿಲ್ಲರೆ ಬೇಕು. ಪೇಟೆಯ ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು ತಂದ ನಾಣ್ಯವನ್ನು ಮುಂದಿನ ತಲೆಮಾರಿಗೆಂದು ಕಟ್ಟಿಡುವ ಸ್ಥಿತಿ ಸಣ್ಣ ವ್ಯಾಪಾರಿಗೆ ಎಂದೂ ಇರಲಿಲ್ಲ. ಸಂತೆಯ ಹಿಂದಿನ ದಿನ ತಂದ ಚಿಲ್ಲರೆ ಸಂತೆಯ ಸಂಜೆಗೆ ಮುಗಿದಿರುತ್ತಿತ್ತು.

ಎರಡನೆಯ ಕಾರಣ ಚಿಲ್ಲರೆಯ ಅಭಾವ. ದೇಶದ ಟಂಕಸಾಲೆಗಳ ಉತ್ಪಾದನೆ ಸಾಲದೆ 1980ರ ದಶಕದಲ್ಲಿಯೂ 1990ರ ದಶಕದ ಕೊನೆಯಲ್ಲಿಯೂ ನಮ್ಮ ನಾಣ್ಯಗಳನ್ನು ವಿದೇಶಿ ಟಂಕಸಾಲೆಗಳಲ್ಲಿ ಮಾಡಿಸಿ ತರಿಸಬೇಕಾಯಿತು. ಅಂಥ ದಿನಗಳಲ್ಲಿ ಬಿಚ್ಚದೆ ಉಳಿದ ಚೀಲ ಯಾವುದಿದ್ದೀತು?

ಮೂರನೆಯದು ಲೋಹದ ಆಸೆ. ನಾಣ್ಯದ ಮುಖಬೆಲೆಗಿಂತ ಅದರ ಲೋಹದ ಬೆಲೆ ಏರಿದಾಗ ನಾಣ್ಯ ಕುಲುಮೆಯ ದಾರಿ ಹಿಡಿಯುತ್ತದೆ. ಚಿಲ್ಲರೆ ನಾಣ್ಯಗಳನ್ನು ಕರಗಿಸುವುದನ್ನೂ ಅದಕ್ಕಾಗಿ ಕೂಡಿಡುವುದನ್ನೂ ತಡೆಯಲೆಂದೇ 1971ರಲ್ಲಿ ಪ್ರತ್ಯೇಕ ಕಾಯಿದೆಯೊಂದು ಬಂದಿತು. ಭಾರತದ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಕ್ಷೌರದ ಬ್ಲೇಡುಗಳಾಗುತ್ತಿವೆ ಎಂದು 2007ರಲ್ಲಿ ಕೋಲ್ಕತ್ತಾದಿಂದ ವರದಿಗಳು ಬಂದದ್ದು ಅನೇಕರಿಗೆ ನೆನಪಿರಬಹುದು. 1971ರ ಕಾಯಿದೆ ಈಗ 2011ರ ನಾಣ್ಯ ಕಾಯಿದೆಯಲ್ಲಿ ಲೀನವಾಗಿದೆ. ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು ಇಂದಿಗೂ ಅಪರಾಧವೇ.

ನಾಲ್ಕನೆಯದು ಚಲಾವಣೆಯ ರದ್ದತಿ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. ಅದರ ಹಿಂದಿನ ದಿನದವರೆಗೆ ರಿಸರ್ವ್ ಬ್ಯಾಂಕಿನಲ್ಲಿಯೂ ಡಿಪೋಗಳಿದ್ದ ಶಾಖೆಗಳಲ್ಲಿಯೂ ಮುಖಬೆಲೆಗೆ ಬದಲಾಯಿಸಿಕೊಳ್ಳಲು ಅವಕಾಶವಿತ್ತು. ಜಾಗರೂಕ ವರ್ತಕರು ಉಳಿದ ಚೀಲಗಳನ್ನು ಆಗಲೇ ಮರಳಿಸಿದರು. ಇಂದು ಉಳಿದಿರುವ 25 ಪೈಸೆಯ ಪೊಟ್ಟಣಗಳಲ್ಲಿ ಬೇಕೆಂದು ಉಳಿಸಿದವಕ್ಕಿಂತ ಮರೆತು ಉಳಿದವೇ ಹೆಚ್ಚಿರಬೇಕು.

ಅಪರೂಪವಾದದ್ದೆಲ್ಲ ಲಾಭವಲ್ಲ

ಅಪರೂಪವೆಂಬುದು ಒಂದು ಮಾತು, ಲಾಭವೆಂಬುದು ಇನ್ನೊಂದು. ವಾಣಿಜ್ಯದ ಸರಳ ಲೆಕ್ಕವೊಂದನ್ನು ಇಲ್ಲಿ ಮಾಡಿ ನೋಡಬಹುದು. 1990ರಲ್ಲಿ ಒಬ್ಬ ವರ್ತಕ ನೂರು ನಾಣ್ಯಗಳ 25 ಪೈಸೆಯ ಒಂದು ಪೊಟ್ಟಣವನ್ನು ತೆಗೆದಿಟ್ಟನೆಂದುಕೊಳ್ಳೋಣ. ತೊಡಗಿಸಿದ ಹಣ 25 ರೂಪಾಯಿ. ಅದೇ ಹಣ ಶೇಕಡಾ 8ರ ಚಕ್ರಬಡ್ಡಿಯಲ್ಲಿ 35 ವರ್ಷ ಬೆಳೆದಿದ್ದರೆ 2025ರಲ್ಲಿ ಸುಮಾರು 370 ರೂಪಾಯಿ ಆಗುತ್ತಿತ್ತು. ಎಂದರೆ ಆ ಪೊಟ್ಟಣದ ಪ್ರತಿ ನಾಣ್ಯಕ್ಕೂ 3 ರೂಪಾಯಿ 70 ಪೈಸೆ ಸಿಕ್ಕಿದರಷ್ಟೇ ಅಸಲು ಬಡ್ಡಿಯೊಡನೆ ಕೈಸೇರಿದಂತೆ. ಲಾಭದ ಮಾತು ಅದರ ಮೇಲಿನದು. ಹಳೆಯದಾದ ಮಾತ್ರಕ್ಕೆ ನಾಣ್ಯದ ಚೀಲ ನಿಧಿಯಾಗುವುದಿಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಅಮೆರಿಕಾದ ಅನುಭವ ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿದೆ. ಅಲ್ಲಿನ ಡೆನ್ವರ್ ಟಂಕಸಾಲೆ 1950ರಲ್ಲಿ ಐದು ಸೆಂಟಿನ ನಾಣ್ಯಗಳನ್ನು ಕೇವಲ 26 ಲಕ್ಷದಷ್ಟು ಹೊರತಂದಿತು. ಸಂಖ್ಯೆ ಕಡಿಮೆಯೆಂಬ ಸುದ್ದಿ ಹರಡಿ, ಜನ ಅವನ್ನು ಬಿಚ್ಚದ ರೋಲ್‌ಗಳಾಗಿಯೇ ಕೂಡಿಟ್ಟರು. 1960ರ ದಶಕದ ಆರಂಭದಲ್ಲಿ ರೋಲ್‌ಗಳ ವ್ಯಾಪಾರ ಷೇರುಪೇಟೆಯಂತೆ ನಡೆಯಿತು; 1964ರ ಹೊತ್ತಿಗೆ ನಾಣ್ಯವೊಂದರ ಬೆಲೆ 30 ಡಾಲರಿನ ಸುತ್ತಮುತ್ತ ಮುಟ್ಟಿತು. ಆನಂತರ ಬೆಲೆ ಕುಸಿಯಿತು. ಕಾರಣ ಸರಳ: ಟಂಕಿಸಿದ್ದು ಕಡಿಮೆಯಾದರೂ ಉಳಿದದ್ದು ಬಹಳ. ಓಡಾಟದಲ್ಲಿ ಸವೆದುಹೋಗಬೇಕಿದ್ದ ನಾಣ್ಯ ರೋಲ್‌ಗಳಲ್ಲಿ ಭದ್ರವಾಗಿ ಕುಳಿತಿತ್ತು.

1962ರ ಕೊನೆಯ ಘಟನೆ ಇನ್ನೂ ತೀಕ್ಷ್ಣವಾದದ್ದು. 1903ರಲ್ಲಿ ನ್ಯೂ ಓರ್ಲಿಯನ್ಸ್ ಟಂಕಸಾಲೆಯಲ್ಲಿ ತಯಾರಾದ ಬೆಳ್ಳಿಯ ಡಾಲರ್ ಹೊಸದಾಗಿ ಸಿಗುವುದೇ ಇಲ್ಲವೆಂದು ಎಲ್ಲರೂ ನಂಬಿದ್ದರು. ಪಟ್ಟಿಗಳಲ್ಲಿ ಅದರ ಬೆಲೆ 1,500 ಡಾಲರ್ ಇತ್ತು. ಆ ವರ್ಷ ಅಮೆರಿಕಾ ಸರ್ಕಾರದ ಖಜಾನೆಯಲ್ಲಿ 1929ರಿಂದ ಮುಚ್ಚಿದ್ದ ಕೋಣೆಯೊಂದನ್ನು ತೆರೆದಾಗ ಅದೇ ನಾಣ್ಯ ಚೀಲಚೀಲವಾಗಿ ಹೊರಬಂದಿತು. ಕೆಲವೇ ದಿನಗಳಲ್ಲಿ ಬೆಲೆ 30 ಡಾಲರಿನ ಆಸುಪಾಸಿಗೆ ಇಳಿಯಿತು. ಮೊಹರು ಒಡೆಯದ ಒಂದು ಚೀಲ ಒಬ್ಬನಿಗೆ ಸಂಪತ್ತಾದರೆ, ಎಲ್ಲೋ ಇರುವ ಇನ್ನೊಂದು ಚೀಲ ಅದೇ ಸಂಪತ್ತನ್ನು ಕರಗಿಸಬಲ್ಲದು. ಎಷ್ಟು ಉಳಿದಿವೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲದ ಸರಕಿಗೆ ಸ್ಥಿರ ಬೆಲೆ ಇರಲಾರದು.

ಮೊಹರನ್ನು ಓದುವ ಬಗೆ

ಕಟ್ಟು ಬಿಚ್ಚದೆಯೇ ಅದರ ನೈಜತೆಯನ್ನು ಒಂದಷ್ಟು ಮಟ್ಟಿಗೆ ಪರಿಶೀಲಿಸಲು ಸಾಧ್ಯ. ಲೆಕ್ಕ ಪರಿಶೋಧಕರು ದಾಖಲೆಯನ್ನು ಪರೀಕ್ಷಿಸುವ ವಿಧಾನವೇ ಇಲ್ಲಿಯೂ ಒದಗಿಬರುತ್ತದೆ.

ಮೊದಲನೆಯದು ಕಾಲದ ಹೊಂದಾಣಿಕೆ. ಕಟ್ಟಿನ ಮೇಲಿನ ಮುದ್ರಣಕ್ಕೂ ಒಳಗಿದೆಯೆನ್ನುವ ನಾಣ್ಯದ ವರ್ಷಕ್ಕೂ ತಾಳೆಯಾಗಬೇಕು. ಮೈಸೂರು ಸೀಮೆಯ ವರ್ತಕರಿಗೆ ಚಿರಪರಿಚಿತವಾದ ಬ್ಯಾಂಕು 1913ರಲ್ಲಿ ಮೈಸೂರು ಬ್ಯಾಂಕ್ ಆಗಿ ಆರಂಭವಾಗಿ, 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಗಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದು ಅಚ್ಚಾದ ಕಟ್ಟಿನಲ್ಲಿ 1950ರ ದಶಕದ ಹೊಚ್ಚ ಹೊಸ ನಾಣ್ಯವಿದೆಯೆಂದರೆ ಏಕೆಂದು ಕೇಳಬೇಕಾಗುತ್ತದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಆ ಕಾಗದ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ರೂಪಾಯಿಯ ಹೊಸ ಚಿಹ್ನೆಯಿದ್ದರೆ 2010ರ ಜುಲೈಗಿಂತ ಹಿಂದಿನದಲ್ಲ. ಮೈಸೂರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ನಾಲ್ಕು ಟಂಕಸಾಲೆಗಳು ಸರ್ಕಾರಿ ಇಲಾಖೆಯ ರೂಪ ಬಿಟ್ಟು ನಿಗಮದ ಅಡಿಗೆ ಬಂದದ್ದು 2006ರಲ್ಲಿ. ಚೀಲದ ಮೇಲಿನ ಹೆಸರನ್ನು ಆ ದೃಷ್ಟಿಯಿಂದಲೂ ನೋಡಬೇಕು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕಾಲದೋಷ ಕಂಡರೆ ಕಟ್ಟು ಸುಳ್ಳೆಂದು ಹೇಳಬಹುದು; ಕಾಲದೋಷ ಕಾಣದಿದ್ದರೆ ನಿಜವೆಂದು ಹೇಳಲಾಗದು. ಖಾಲಿಯಾದ ಹಳೆಯ ಚೀಲ, ಬಳಸದೆ ಉಳಿದ ಹಳೆಯ ಚೀಟಿ ಎರಡೂ ಅಪ್ಪಟವೇ. ಅವುಗಳಲ್ಲಿ ಮತ್ತೇನನ್ನಾದರೂ ತುಂಬಿ ಹೊಲಿಯುವುದು ಕಷ್ಟದ ಕೆಲಸವಲ್ಲ.

ಎರಡನೆಯದು ತೂಕ. ನಮ್ಮ ಒಂದು ರೂಪಾಯಿಯ ನಾಣ್ಯವೇ ಕಾಲಕಾಲಕ್ಕೆ ಹಗುರವಾಗುತ್ತಾ ಬಂದಿದೆ. 1975ರಿಂದ ಬಂದ ದೊಡ್ಡ ತಾಮ್ರ-ನಿಕಲ್ ನಾಣ್ಯ 8 ಗ್ರಾಂ, 1983ರಿಂದ ಬಂದದ್ದು 6 ಗ್ರಾಂ, 1992ರಿಂದ ಬಂದ ಉಕ್ಕಿನ ನಾಣ್ಯ 4.85 ಗ್ರಾಂ, 2011ರಿಂದ ಬಂದ ಚಿಕ್ಕ ನಾಣ್ಯ 3.79 ಗ್ರಾಂ ತೂಗುತ್ತವೆ. ಆದ್ದರಿಂದ ನೂರು ನಾಣ್ಯಗಳ ಪೊಟ್ಟಣ ಕ್ರಮವಾಗಿ 800, 600, 485 ಮತ್ತು 379 ಗ್ರಾಂ ತೂಗಬೇಕು; ಪೊಟ್ಟಣದ ತೂಕ ಬೇರೆ. ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ 9 ಗ್ರಾಂ. ನೂರಕ್ಕೆ 900 ಗ್ರಾಂ. ಅದೇ ಪೊಟ್ಟಣ 600 ಗ್ರಾಂ ತೂಗಿದರೆ ಒಳಗಿರುವುದು 2007 ಅಥವಾ ಅದರ ನಂತರದ ಹಗುರ ನಾಣ್ಯ. ಅಕ್ಕಸಾಲಿಗರ ಅಥವಾ ಬ್ಯಾಂಕಿನ ತಕ್ಕಡಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಅನೇಕ ದೊಡ್ಡ ವಂಚನೆಗಳನ್ನು ಬಾಗಿಲಲ್ಲೇ ತಡೆಯಬಲ್ಲದು.

ಆದರೆ ತೂಕಕ್ಕೂ ಮಿತಿಯಿದೆ. ಸಂಗ್ರಾಹಕರು ಬೆಲೆ ಕಟ್ಟುವುದು ವರ್ಷ ಮತ್ತು ಟಂಕಸಾಲೆಯ ಗುರುತಿನ ಮೇಲೆ. ವರ್ಷದ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡನೆಯ ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಎಂಬುದು ಸಾಮಾನ್ಯ ಕ್ರಮ. ವಜ್ರಕ್ಕೂ ನಕ್ಷತ್ರಕ್ಕೂ ತಕ್ಕಡಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು ಹೊರಗೆ ಕಾಣುವ ನಾಣ್ಯಗಳ ಬಣ್ಣ. ದೀರ್ಘಕಾಲ ಕಟ್ಟಿಟ್ಟ ನಾಣ್ಯಗಳಲ್ಲಿ ಗಾಳಿಗೂ ಕಾಗದಕ್ಕೂ ತಾಗಿದವು ಮೊದಲು ಬಣ್ಣ ತಿರುಗುತ್ತವೆ. ನಡುವಿನವು ಹೊಳಪು ಉಳಿಸಿಕೊಳ್ಳುತ್ತವೆ. ಕಾಗದದ ರೋಲ್ ಆದರೆ ಎರಡೂ ತುದಿಯ ನಾಣ್ಯಗಳು ಮಾಸಿರಬೇಕು. ಕಟ್ಟು ಹಳೆಯದು, ಆದರೆ ಕಾಣುವ ನಾಣ್ಯ ಮಾತ್ರ ನಿನ್ನೆ ಟಂಕಿಸಿದಂತಿದೆ ಎಂದರೆ ಕಾರಣ ಕೇಳಬೇಕು. ಬೆಲೆಬಾಳುವ ನಾಣ್ಯವನ್ನು ಎರಡು ತುದಿಗಳಲ್ಲಿ ಕಾಣುವಂತೆ ಇಟ್ಟು ನಡುವೆ ಸಾಮಾನ್ಯ ನಾಣ್ಯ ತುಂಬುವುದು ಅಮೆರಿಕಾದ ಮಾರುಕಟ್ಟೆಯಲ್ಲಿ ಬಹಳ ಹಿಂದಿನಿಂದ ಬಲ್ಲ ಮೋಸ. ಪಾರದರ್ಶಕ ಪಾಲಿಥಿನ್ ಪೊಟ್ಟಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನೋಟಿನ ಕಟ್ಟಿಗಿರುವ ಅನುಕೂಲ

ನೋಟಿನ ಕಟ್ಟನ್ನು ನಾಣ್ಯದ ಚೀಲದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆ 1995ರಲ್ಲಿ ಸ್ಥಾಪನೆಯಾಯಿತು; ಅದರ ಮೈಸೂರಿನ ಮುದ್ರಣಾಲಯ 1996ರಲ್ಲಿ ಕೆಲಸ ಆರಂಭಿಸಿತು. ಇಂಥ ಮುದ್ರಣಾಲಯಗಳಿಂದ ಬರುವ ನೂರು ನೋಟುಗಳ ಹೊಸ ಕಟ್ಟಿನಲ್ಲಿ ಕ್ರಮಸಂಖ್ಯೆಗಳಿರುತ್ತವೆ. ಮೊದಲ ಮತ್ತು ಕೊನೆಯ ಸಂಖ್ಯೆ ನೋಡಿ, ಅಂಚು ಸರಿಸಿದರೆ ನಡುವೆ ಕೈಯಾಡಿಸಿದ್ದಾರೆಯೇ ಎಂದು ತಿಳಿಯಬಹುದು. 2006ರಲ್ಲಿ ನಕ್ಷತ್ರ ಗುರುತಿನ ಬದಲಿ ನೋಟುಗಳು ಬಂದಾಗ, ಅಂಥವು ಇರುವ ಕಟ್ಟಿನ ಪಟ್ಟಿಯ ಮೇಲೆಯೇ ಅದನ್ನು ಸೂಚಿಸುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ನೋಟಿನ ಕಟ್ಟುಗಳಿಗೆ ಪಿನ್ ಹೊಡೆಯುವುದನ್ನು ಬಿಟ್ಟು ಕಾಗದದ ಪಟ್ಟಿ ಬಳಸುವಂತೆ 2001ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ನಿರ್ದೇಶನ ಹೋಯಿತು. ಆದ್ದರಿಂದ ಅದಕ್ಕೂ ಹಿಂದಿನದೆನ್ನುವ ಕಟ್ಟಿನಲ್ಲಿ ಪಿನ್ನಿನ ರಂಧ್ರಗಳಿಲ್ಲದಿದ್ದರೆ ಅನುಮಾನಿಸಲು ಕಾರಣವಿದೆ.

ಹೀಗೆ ನೋಟಿನ ಕಟ್ಟಿಗೆ ಒಳಗಿನಿಂದಲೇ ಸಾಕ್ಷ್ಯ ಸಿಗುತ್ತದೆ. ನಾಣ್ಯಕ್ಕೆ ಸಂಖ್ಯೆಯಿಲ್ಲ, ಒಂದರಂತೆ ಇನ್ನೊಂದು. ಅದರ ಚೀಲ ಹೊರಗಿನ ಸಾಕ್ಷ್ಯವನ್ನೇ ನೆಚ್ಚಬೇಕು.

ನೋಟಿನ ಕಟ್ಟು ಇಟ್ಟುಕೊಂಡವರಿಗೆ ಒಂದು ಕಾನೂನು ಎಚ್ಚರಿಕೆಯೂ ಇದೆ. 2016ರ ನವೆಂಬರಿನಲ್ಲಿ ರದ್ದಾದ 500 ಮತ್ತು 1,000 ರೂಪಾಯಿಯ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು, ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹದ ಉದ್ದೇಶಕ್ಕಾದರೆ 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದನ್ನು 2017ರ ಕಾಯಿದೆ ನಿಷೇಧಿಸಿದೆ. ದಂಡ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಅಂಥ ನೂರು ನೋಟುಗಳ ಬಿಚ್ಚದ ಕಟ್ಟು ಅಮೂಲ್ಯವೆಂದು ಇಟ್ಟುಕೊಂಡವರು ಇಟ್ಟುಕೊಂಡಿರುವುದು ಅಪರಾಧವನ್ನು.

ಕಿರ್ದಿಯೇ ನಿಜವಾದ ಮೊಹರು

ಹಾಗಾದರೆ ನಾಣ್ಯದ ಚೀಲಕ್ಕೆ ಹೊರಗಿನ ಸಾಕ್ಷ್ಯ ಯಾವುದು? ಇದಕ್ಕೆ ಉತ್ತರ ವರ್ತಕರ ಮನೆಯಲ್ಲಿಯೇ ಇದೆ. ಬ್ಯಾಂಕಿನಿಂದ ನಾಣ್ಯ ಪಡೆದ ದಿನದ ಕಿರ್ದಿ, ಅದಕ್ಕೆ ತಾಳೆಯಾಗುವ ಬ್ಯಾಂಕಿನ ಪಾಸ್ ಪುಸ್ತಕ, ಹಣ ಪಡೆದ ಚೀಟಿಯ ಪ್ರತಿ ಇವು ಮೂರೂ ಒಂದೇ ದಿನಾಂಕವನ್ನು ಹೇಳಿದರೆ ಆ ಚೀಲದ ಹುಟ್ಟಿಗೆ ಸಾಕ್ಷಿ ಸಿಕ್ಕಂತೆ. ಆ ನಂತರದ ವರ್ಷಗಳಲ್ಲಿ ಅದು ಯಾರ ಸುಪರ್ದಿನಲ್ಲಿತ್ತು ಎಂಬುದು ಪಾಲುಪಟ್ಟಿ, ವಿಲ್ ಅಥವಾ ಲಾಕರಿನ ದಾಖಲೆಯಿಂದ ತಿಳಿದರೆ ಸಾಕ್ಷ್ಯದ ಸರಪಣಿ ಪೂರ್ಣವಾಗುತ್ತದೆ. ಮೊಹರನ್ನು ಮತ್ತೆ ಹಾಕಬಹುದು. ಮೂವತ್ತು ವರ್ಷ ಹಿಂದಿನ ಕಿರ್ದಿಯಲ್ಲಿ ಹಿಂದುಮುಂದಿನ ಶಿಲ್ಕು ಕೆಡದಂತೆ ಒಂದು ಸಾಲನ್ನು ಹೊಸದಾಗಿ ಸೇರಿಸುವುದು ಸುಲಭವಲ್ಲ. ನಾಣ್ಯವನ್ನು ಜೋಪಾನ ಮಾಡಿ ಹಳೆಯ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕುವ ಮನೆತನಗಳು ಬೆಲೆಯ ಮುಖ್ಯ ಭಾಗವನ್ನೇ ರದ್ದಿಗೆ ಹಾಕುತ್ತಿವೆ.

ಈ ತತ್ತ್ವ ಹೊಸದೂ ಅಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾಣ್ಯಪರೀಕ್ಷಕನು ನೋಡಿ ಶುದ್ಧವೆಂದು ಹೇಳಿದ್ದನ್ನೇ ಖಜಾನೆ ಸ್ವೀಕರಿಸಬೇಕೆಂಬ ವಿಧಿಯಿದೆ. ತಂದವನ ಮಾತಿಗಿಂತ ಪರೀಕ್ಷಕನ ಕಣ್ಣಿಗೆ ಅಲ್ಲಿ ಹೆಚ್ಚು ಬೆಲೆ.

ಲೆಕ್ಕ ಮತ್ತು ತೆರಿಗೆ

ವ್ಯಾಪಾರದ ನಗದಿನಿಂದ ಚೀಲವೊಂದನ್ನು ಎತ್ತಿಟ್ಟರೆ ಅದನ್ನು ನಗದು ಶಿಲ್ಕಿನಲ್ಲಿ ತೋರಿಸುತ್ತಾ ಹೋಗುವುದು ಸರಿಯಲ್ಲ. ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯುವುದು ಕ್ರಮ. 25 ಪೈಸೆಯ ನಾಣ್ಯಗಳನ್ನು 2011ರ ಜೂನ್ ನಂತರವೂ ನಗದೆಂದು ತೋರಿಸುತ್ತಿರುವ ಪುಸ್ತಕಗಳಿದ್ದರೆ ಅವನ್ನು ಸರಿಪಡಿಸಬೇಕು. ಚಲಾವಣೆಯಿಲ್ಲದ ಲೋಹ ನಗದಲ್ಲ.

ಮಾರಾಟದ ಲಾಭಕ್ಕೆ ತೆರಿಗೆಯಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಧೋಲ್‌ಪುರದ ಮಹಾರಾಜ ರಾಣಾ ಹೇಮಂತ್ ಸಿಂಹಜೀ ಅವರ ಪ್ರಕರಣದಲ್ಲಿ 1976ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಬೆಳಕು ಚೆಲ್ಲಿದೆ. ಮಹಾಲಕ್ಷ್ಮಿ ಪೂಜೆಗೆ ಬಳಸುತ್ತಿದ್ದ ಚಿನ್ನದ ಮೊಹರು, ಬೆಳ್ಳಿಯ ರೂಪಾಯಿ ಮತ್ತು ಬೆಳ್ಳಿಯ ಗಟ್ಟಿಗಳು ವೈಯಕ್ತಿಕ ಬಳಕೆಯ ವಸ್ತುಗಳು, ಅವುಗಳ ಮಾರಾಟದ ಲಾಭಕ್ಕೆ ತೆರಿಗೆ ಸಲ್ಲದು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ವರ್ಷಕ್ಕೊಮ್ಮೆ ಪೂಜೆಗಿಟ್ಟ ಮಾತ್ರಕ್ಕೆ ನಾಣ್ಯವು ದಿನಬಳಕೆಯ ವಸ್ತುವಾಗದು ಎಂಬುದು ಇದರ ಸಾರ. ದೀಪಾವಳಿಯ ಅಂಗಡಿ ಪೂಜೆಯ ಪೆಟ್ಟಿಗೆಯಲ್ಲಿ ನಾಣ್ಯದ ಚೀಲ ಇಟ್ಟುಕೊಂಡಿರುವ ವರ್ತಕರು ಮಾರುವ ಮುನ್ನ ತಮ್ಮ ಲೆಕ್ಕ ಪರಿಶೋಧಕರನ್ನು ವಿಚಾರಿಸುವುದು ಲೇಸು.

ನೂರು ವರ್ಷ ದಾಟಿದ ನಾಣ್ಯಗಳಾದರೆ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು.

ಮಾರುವ ಮುನ್ನ

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಆಸೆ ತೋರಿಸಿ, ಶುಲ್ಕ, ಕಮಿಷನ್, ತೆರಿಗೆ ಎಂದು ಮುಂಗಡ ಕೇಳುವವರು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿಕೊಳ್ಳುತ್ತಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವನೇ ಮೊದಲು ಹಣ ಕೊಡಬೇಕಾದ ವ್ಯಾಪಾರ ವ್ಯಾಪಾರವೇ ಅಲ್ಲ.

ಚೀಲ ಸಿಕ್ಕಿದವರು ಮೊದಲು ಅದನ್ನು ಬಿಚ್ಚದೆ, ತೊಳೆಯದೆ ಇರುವಂತೆಯೇ ಬಿಡಬೇಕು. ಎಲ್ಲ ಬದಿಗಳ ಚಿತ್ರ ತೆಗೆದು, ತೂಕ ನೋಡಿ, ಬರೆದಿಡಬೇಕು. ಮನೆಯ ಹಳೆಯ ಕಿರ್ದಿ, ಪಾಸ್ ಪುಸ್ತಕಗಳನ್ನು ಹುಡುಕಿ ಚೀಲದೊಡನೆಯೇ ಇಡಬೇಕು. ತೇವದಿಂದ ಉಕ್ಕಿನ ನಾಣ್ಯ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ನಾಣ್ಯ ಬಿಳಿ ಪುಡಿ ಬಿಡುತ್ತದೆ. ಒಣಗಿದ ಜಾಗ ಬೇಕು. ಒಂದಕ್ಕಿಂತ ಹೆಚ್ಚು ಪೊಟ್ಟಣಗಳಿದ್ದರೆ ಒಂದನ್ನು ಸಾಕ್ಷಿಗಳ ಎದುರು ಬಿಚ್ಚಿ, ಒಳಗಿದ್ದದ್ದನ್ನು ಬರೆದು ಸಹಿ ಪಡೆಯುವುದು ಜಾಣತನ. ಒಂದರ ಬೆಲೆ ಹೋದರೂ ಉಳಿದವುಗಳ ಮಾತಿಗೆ ತೂಕ ಬರುತ್ತದೆ. ಲೆಕ್ಕ ಪರಿಶೋಧನೆಯಲ್ಲಿ ಮಾದರಿ ತಪಾಸಣೆ ಎನ್ನುವುದು ಇದನ್ನೇ. ಒಂದೇ ಪೊಟ್ಟಣವಿದ್ದು ದಾಖಲೆಯೇನೂ ಇಲ್ಲದಿದ್ದರೆ, ಕೊಳ್ಳುವವರು ಒಳಗಿನ ಬಿಡಿ ನಾಣ್ಯಗಳ ಬೆಲೆಯನ್ನಷ್ಟೇ ಲೆಕ್ಕ ಹಿಡಿಯಬೇಕು. ಮಾರುವವರೂ ಅಷ್ಟನ್ನೇ ನಿರೀಕ್ಷಿಸಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಬಿಚ್ಚದ ಚೀಲದಲ್ಲಿ ಪ್ರತ್ಯಕ್ಷ ಕಾಣುವುದಕ್ಕೂ ಅವಕಾಶವಿಲ್ಲ. ಅಲ್ಲಿ ಪ್ರಮಾಣವೊಂದೇ ಆಧಾರ, ಆ ಪ್ರಮಾಣವಿರುವುದು ಅಟ್ಟದ ಮೇಲಿನ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ.